ಒಂದು ಗಂಟೆಯ ಮಾತ್ರೆ

“ಬೆರಳು ಕೊಡು. ಅದಲ್ಲ, ಉಂಗುರದ ಬೆರಳು.”

ಜೀರಿಗೆ ಕೈ ಚಾಚಿದಳು. ಮುಖ ಮಾತ್ರ ಗೋಡೆಯ ಕಡೆ ತಿರುಗಿತ್ತು.

“ಇಷ್ಟು ವರ್ಷ ಆಯ್ತು, ಇನ್ನೂ ಗೋಡೆ ನೋಡ್ತೀಯಲ್ಲೇ!” ಎಂದು ಅಮ್ಮ ನಕ್ಕಳು. “ನಾನೇನು ಗೋಡೆಗೆ ಚುಚ್ತೀನಾ?”

ಟಕ್! ಸೂಜಿ ಒಳಗೆ ಹೋಗಿ ಹೊರಗೆ ಬಂದೇ ಬಿಟ್ಟಿತು. ಮೊದಲ ಹನಿಯನ್ನು ಅಮ್ಮ ಹತ್ತಿಯಲ್ಲಿ ಒರೆಸಿದಳು. ಎರಡನೆಯ ಹನಿ ಮಣಿಯ ಹಾಗೆ ದಪ್ಪಗಾಗುವವರೆಗೆ ಕಾದಳು. ಆಮೇಲೆ ಬೆರಳನ್ನು ಮೇಜಿನ ಮೇಲಿದ್ದ ದಪ್ಪ ಕಾಗದದ ಕಾರ್ಡಿನ ಹತ್ತಿರ ತಂದಳು. ಕಾರ್ಡಿನ ಮೇಲೆ ಪುಟ್ಟ ಪುಟ್ಟ ವೃತ್ತಗಳಿದ್ದವು. ಹನಿ ಒಂದು ವೃತ್ತದ ನಡುವೆ ಬಿದ್ದು, ಅಂಚಿನವರೆಗೆ ಹರಡಿ, ಕಾಗದದ ಹಿಂಬದಿಗೂ ಇಳಿಯಿತು.

“ಹಿಂಡಬಾರದು. ಹನಿ ಮೇಲೆ ಹನಿ ಹಾಕಬಾರದು. ಬಿಸಿಲಿಗೆ ಇಡಬಾರದು. ಕೈ ತಾಗಿಸಬಾರದು,” ಎಂದು ಅಮ್ಮ ಮಗ್ಗಿ ಒಪ್ಪಿಸುವ ಹಾಗೆ ಹೇಳಿಕೊಂಡಳು. ವೃತ್ತದ ಕೆಳಗೆ ಸಮಯ ಬರೆದಳು, ಏಳು ಗಂಟೆ. ಬರೆಯುತ್ತಲೇ ಪ್ರತಿ ಸಲ ಕೇಳುವ ಪ್ರಶ್ನೆಯನ್ನೇ ಕೇಳಿದಳು. “ಬೆಳಗಿನ ಮಾತ್ರೆ ಇನ್ನೂ ತಗೊಂಡಿಲ್ಲ ತಾನೇ?”

“ಇಲ್ಲ.”

ಆ “ಇಲ್ಲ” ಸುಳ್ಳು.

ಐದೂವರೆಗೆ ಅಮ್ಮ ಹಾಲು ತರಲು ಕೆಳಗಿಳಿದಿದ್ದಳು. ಆಗ ಜೀರಿಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಒಂದು ಮಾತ್ರೆ ನುಂಗಿದ್ದಳು. ಹಿಂದಿನ ದಿನ ಮಲಗುವ ಮುಂಚೆಯೂ ಯಾರಿಗೂ ಕಾಣದ ಹಾಗೆ ಒಂದು ಹೆಚ್ಚಿಗೆ ನುಂಗಿದ್ದಳು. ಇವತ್ತು ಇನ್ನೂ ಎರಡು ಸಲ ಬೆರಳು ಚುಚ್ಚುವುದಿದೆ. ಮಧ್ಯಾಹ್ನದ ಮಾತ್ರೆಗೆ ಮುಂಚೆ ಒಂದು, ರಾತ್ರಿಯ ಮಾತ್ರೆಗೆ ಮುಂಚೆ ಒಂದು. ಅವೆರಡಕ್ಕೂ ಮುಂಚೆ ಒಂದೊಂದು ಕಳ್ಳಮಾತ್ರೆ ನುಂಗುವುದೆಂದು ಅವಳು ಲೆಕ್ಕ ಹಾಕಿಟ್ಟಿದ್ದಳು.

ಈ ಉಪಾಯವನ್ನು ಅವಳಿಗೆ ಕಲಿಸಿದ್ದು ಅವಳ ಶಾಲೆಯೇ. ಶಾಲೆಗೆ ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ನೋಡಬೇಕು! ಮುರಿದ ಬೆಂಚುಗಳು ಮಾಯ. ಟಾಯ್ಲೆಟ್ಟಿಗೆ ನೀರು, ಬಕೆಟ್ಟು, ಸೋಪು. ಗೋಡೆ ತುಂಬ ಹೊಸ ಚಾರ್ಟುಗಳು. ಇನ್‌ಸ್ಪೆಕ್ಟರ್ ಬಂದು, ತಲೆಯಾಡಿಸಿ, ಸಹಿ ಹಾಕಿ ಹೋದ ಮೇಲೆ ಸೋಪೂ ಹೋಗುತ್ತಿತ್ತು. ನೋಡುವ ದಿನ ಸರಿ ಇದ್ದರೆ ಸಾಕು. ಉಳಿದ ದಿನ ಯಾರು ಕೇಳುತ್ತಾರೆ?

ಜೀರಿಗೆ ಅಂತ ಅವಳಿಗೆ ಹೆಸರಿಟ್ಟವರು ಆಸ್ಪತ್ರೆಯ ನರ್ಸು. ಹುಟ್ಟಿದಾಗ ಅಷ್ಟು ಚಿಕ್ಕವಳಿದ್ದಳಂತೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಹಾಜರಿ ಕೂಗಿದಾಗ ಅವಳಿಗೇ ಅದು ಯಾರೋ ಬೇರೆಯವರ ಹೆಸರು ಅನ್ನಿಸುತ್ತಿತ್ತು.

ಅವಳಿಗೆ ದಿನಕ್ಕೆ ಮೂರು ಸಲ ಮಾತ್ರೆ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ಒಂಬತ್ತಕ್ಕೆ. ಹುಟ್ಟಿದ ಹದಿಮೂರನೇ ದಿನದಿಂದ ಹೀಗೇ. ಹಲ್ಲುಜ್ಜುವ ಹಾಗೆ, ಚಪ್ಪಲಿ ಹಾಕಿಕೊಳ್ಳುವ ಹಾಗೆ ಅದೂ ಒಂದು. ಹೋದ ವರ್ಷದ ಮಿಸ್ ಒಂದು ಗಂಟೆಯಾದರೆ ಪಾಠದ ನಡುವೆಯೇ “ಜೀರಿಗೆ, ನಿನ್ನ ಟೈಮು” ಎನ್ನುತ್ತಿದ್ದರು. ಅವಳು ಬಾಟಲಿ ಎತ್ತಿ ಗುಟುಕ್ ಎನಿಸುತ್ತಿದ್ದಳು. ಅಷ್ಟೇ ಕತೆ. ಮಿಸ್ ಪಾಠ ಮುಂದುವರಿಸುತ್ತಿದ್ದರು.

ಈ ವರ್ಷ ಹೊಸ ಹೆಡ್ ಮಿಸ್ ಬಂದರು. ಅವರ ಹಿಂದೆಯೇ ಹೊಸ ನಿಯಮಗಳೂ ಬಂದವು, ಊಟದ ಬೆಲ್ಲೂ ಒಂದು ಗಂಟೆಗೆ ಬಂತು. ಗೋಡೆಗೆ ಅಂಟಿಸಿದ ಉದ್ದ ಪಟ್ಟಿಯಲ್ಲಿ ಒಂಬತ್ತನೆಯದು ಹೀಗಿತ್ತು: ಮಕ್ಕಳ ಬ್ಯಾಗಿನಲ್ಲಿ ಔಷಧಿ ಇರಕೂಡದು. ಇದ್ದರೆ ಬೆಳಿಗ್ಗೆ ಆಫೀಸಿಗೆ ಒಪ್ಪಿಸಿ, ಬೇಕಾದಾಗ ಕೇಳಿ ಪಡೆಯತಕ್ಕದ್ದು.

ಕೇಳಿ ಪಡೆಯತಕ್ಕದ್ದು! ಬರೆಯಲು ಎಷ್ಟು ಸುಲಭ. ಬರೆದವರು ಊಟದ ಬೆಲ್ ಹೊಡೆದ ಮೇಲೆ ಆಫೀಸಿನ ಬಾಗಿಲಲ್ಲಿ ಒಂದು ದಿನವೂ ನಿಂತವರಲ್ಲ.

ಆಫೀಸಿನ ಕ್ಲರ್ಕ್ ಆಂಟಿ ಕೆಟ್ಟವರೇನಲ್ಲ. ಆದರೆ ಅವರ ಊಟವೂ ಅದೇ ಬೆಲ್ಲಿಗೆ. ಬೀರುವಿನ ಕೀ ಅವರ ಪರ್ಸಿನಲ್ಲಿ, ಪರ್ಸು ಡ್ರಾಯರಿನಲ್ಲಿ, ಡ್ರಾಯರಿಗೆ ಅಡ್ಡವಾಗಿ ಅವರ ಊಟದ ಡಬ್ಬಿ.

“ನಿಂತ್ಕೊಳ್ಳಮ್ಮ. ಕೈಯೆಲ್ಲ ಎಂಜಲು. ನಾನೂ ಎರಡು ತುತ್ತು ತಿನ್ನಬೇಡ್ವಾ?”

ಜೀರಿಗೆ ನಿಂತುಕೊಳ್ಳುತ್ತಿದ್ದಳು. ಯಾರ ಯಾರದೋ ಅಪ್ಪ ಅಮ್ಮಂದಿರು ಬಂದು ಹೋಗುತ್ತಿದ್ದರು. “ಏನಾಗಿದೆ ಮಗೂಗೆ?” ಎಂದು ಒಬ್ಬರು. “ಏನೋ ಹಾರ್ಮೋನಂತೆ,” ಎಂದು ಆಂಟಿ. “ಅಯ್ಯೋ, ಹೆಣ್ಣುಮಗು ಬೇರೆ!” ಎಂದು ಇನ್ನೊಬ್ಬರು. ಅವಳು ಅಲ್ಲೇ ನಿಂತಿದ್ದಾಳೆ, ಅವಳಿಗೂ ಕಿವಿಯಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಆಮೇಲೆ ರಿಜಿಸ್ಟರು. ತಾರೀಖು, ಹೆಸರು, ಕಾಯಿಲೆ, ಸಹಿ. ಮೊದಲ ದಿನ ಜೀರಿಗೆ ಕಾಯಿಲೆಯ ಖಾನೆಯಲ್ಲಿ ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂದು ಬರೆಯಲು ಶುರು ಮಾಡಿದಳು. ಐದನೇ ವಯಸ್ಸಿನಿಂದಲೂ ಅದನ್ನು ಒಂದೇ ಉಸಿರಿಗೆ ಹೇಳಬಲ್ಲಳು. ಎರಡನೇ ಪದಕ್ಕೇ ಖಾನೆ ಮುಗಿಯಿತು.

“ಅಯ್ಯಯ್ಯೋ, ರೈಲು ಬಿಡಬೇಡ! ಜ್ವರ ಅಂತ ಬರಿ, ಸಾಕು,” ಎಂದರು ಆಂಟಿ.

ಜೀರಿಗೆ ಜ್ವರ ಎಂದು ಬರೆದಳು. ಮರುದಿನವೂ ಜ್ವರ. ಅದರ ಮರುದಿನವೂ ಜ್ವರ. ಮಾತ್ರೆ ಕೈಗೆ ಬರುವಾಗ ಊಟದ ಬಿಡುವು ಅರ್ಧ ಮುಗಿದಿರುತ್ತಿತ್ತು. ಅವಳು ಮೈದಾನಕ್ಕೆ ಬಂದರೆ ಕ್ಲಾಸಿನ ಗೋಲಿ, ಅಂದರೆ ದುಂಡು ಮುಖದ ಹುಡುಗ, ಕೈ ಬಾಯಿಗೆ ಅಡ್ಡ ಹಿಡಿದು ಕೂಗುತ್ತಿದ್ದ. “ದಾರಿ ಬಿಡಿ, ದಾರಿ ಬಿಡಿ! ಮೆಡಿಕಲ್ ಸ್ಟೋರ್ ಬಂತು!”

ಒಂದು ದಿನ ಅವಳು ಆಫೀಸಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರೆ ಒಪ್ಪಿಸಲೂ ಇಲ್ಲ. ಕ್ಲಾಸಿನಲ್ಲಿ ನುಂಗಿದರೆ ಲೀಡರ್ ಹೆಸರು ಬರೆದುಕೊಳ್ಳುತ್ತಾಳೆ. ಅದಕ್ಕೇ ಅಮ್ಮ ಕೊಟ್ಟ ಮಾತ್ರೆಯನ್ನು ಜಾಮಿಟ್ರಿ ಬಾಕ್ಸಿನೊಳಗೆ, ಕೋನಮಾಪಕದ ಕೆಳಗೆ ಇಟ್ಟಳು. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ. ಅವತ್ತು ಅವಳು ಇಡೀ ಬಿಡುವು ಆಡಿದಳು!

ಹೀಗೆ ಮೂರು ವಾರ. ಮಾತ್ರೆಗಳು ಹದಿನೈದಾದವು.

ಏನೂ ಆಗಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕೊನೆಯ ಪೀರಿಯಡ್ಡಿನ ಹೊತ್ತಿಗೆ ಅವಳ ಕಾಲುಗಳಿಗೆ ಮರಳು ತುಂಬಿದ ಹಾಗಾಗುತ್ತಿತ್ತು. ಬೋರ್ಡಿನ ಮೇಲಿನ ಲೆಕ್ಕ ತೇಲುತ್ತಿತ್ತು. ಮನೆಗೆ ಬಂದವಳೇ ಉಪ್ಪಿನ ಡಬ್ಬಿಗೆ ಬೆರಳು ಅದ್ದಿ ನೆಕ್ಕುತ್ತಿದ್ದಳು. ಓಟದ ದಿನ ಅರ್ಧ ದಾರಿಯಲ್ಲೇ ಕುಕ್ಕರಿಸಿದಳು. “ನಿದ್ದೆ ಕಡಿಮೆ ಆಯ್ತು ಮಿಸ್,” ಎಂದಳು. ಅಷ್ಟರಲ್ಲಿ ಅಮ್ಮ ಕ್ಯಾಲೆಂಡರ್ ನೋಡಿ, “ಈ ಭಾನುವಾರ ನಿನ್ನ ಕಾರ್ಡು,” ಎಂದಳು. ಬಿಟ್ಟ ಮಾತ್ರೆಗಳ ಗುಟ್ಟನ್ನು ಆ ಹನಿಗಳು ಹೇಳಿಬಿಡುತ್ತವೆಂದು ಜೀರಿಗೆಗೆ ಗೊತ್ತಿತ್ತು.

ಈಗ ಆ ಭಾನುವಾರ ಮುಗಿಯಿತು. ಮೂರು ಹೊತ್ತಿನ ಹನಿಗಳೂ ಒಣಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಸೋಮವಾರ ಅಮ್ಮ ಕಾರ್ಡನ್ನು ಲಕೋಟೆಯಲ್ಲಿಟ್ಟು ಆಸ್ಪತ್ರೆಗೆ ಕೊಟ್ಟು, ಅಲ್ಲಿಂದ ಕೆಲಸಕ್ಕೆ ಹೋದಳು. ಜೀರಿಗೆ ಮತ್ತೆ ಮಧ್ಯಾಹ್ನದ ಮಾತ್ರೆಗಳನ್ನು ಕೋನಮಾಪಕದ ಕೆಳಗೆ ಕೂಡಿಡತೊಡಗಿದಳು.

*

ಮುಂದಿನ ವಾರ ಬುಧವಾರ ಡಾಕ್ಟರಮ್ಮನ ಹತ್ತಿರ ಹೋಗುವುದಿತ್ತು. ಅಲ್ಲಿಂದ ನೇರ ಶಾಲೆಗೆ ಹೋಗಬೇಕೆಂದು ಜೀರಿಗೆ ಬ್ಯಾಗು ಹಾಕಿಕೊಂಡೇ ಬಂದಿದ್ದಳು.

“ಹಿಮ್ಮಡಿ ಗೋಡೆಗೆ ಒತ್ತು. ಗದ್ದ ಎತ್ತಬೇಡ. ಕತ್ತು ಉದ್ದ ಮಾಡಿದ್ರೆ ಎತ್ತರ ಆಗಲ್ಲ, ಜಿರಾಫೆ ಆಗ್ತೀಯ,” ಎಂದರು ಡಾಕ್ಟರಮ್ಮ. ಎತ್ತರ ಬರೆದುಕೊಂಡರು. ತೂಕ ನೋಡಿದರು. “ಒಂದು ಕಿಲೋ ಇಳಿದಿದೆಯಲ್ಲ?”

“ಊಟ ಮಾಡ್ತಾಳೆ ಡಾಕ್ಟ್ರೇ. ಆದ್ರೂ ಸಂಜೆ ಹೊತ್ತಿಗೆ ಸೋತು ಸುಣ್ಣ ಆಗಿರ್ತಾಳೆ,” ಎಂದಳು ಅಮ್ಮ.

ಡಾಕ್ಟರಮ್ಮ ಕಂಪ್ಯೂಟರ್ ಪರದೆಯನ್ನು ಇವರ ಕಡೆ ತಿರುಗಿಸಿದರು. ಮೂರು ಚುಕ್ಕೆಗಳು, ಮೂರೂ ಇರಬೇಕಾದ ಗೀಟಿನ ಕೆಳಗೆ, ನೆಲಕ್ಕೆ ಅಂಟಿಕೊಂಡ ಹಾಗೆ. ಹದಿನೇಳು ಎಂಬ ಸಂಖ್ಯೆಯಿಂದ ಶುರುವಾಗುವ ಉದ್ದ ಹೆಸರಿನ ಒಂದು ಹಾರ್ಮೋನಿನ ಅಳತೆ ಅದು.

“ವಿಚಿತ್ರ. ನಾಲ್ಕು ತಿಂಗಳ ಹಿಂದೆ ಎಷ್ಟು ಸರಿಯಾಗಿತ್ತು! ಈಗ ಇಷ್ಟು ಕೆಳಗೆ ಹೋಗಿದೆ ಅಂದ್ರೆ ಮಾತ್ರೆ ಜಾಸ್ತಿ ಆಗ್ತಿದೆ ಅಂತ ಅರ್ಥ. ಜಾಸ್ತಿ ಆದ್ರೆ ಎತ್ತರ ಬೆಳೆಯೋದು ನಿಂತುಹೋಗುತ್ತೆ. ಜೀರಿಗೆ, ಮಾತ್ರೆ ಹೇಳಿದಷ್ಟೇ ತಗೋತಿದೀಯ ತಾನೇ?”

ಅವಳು ಬಾಯಿ ತೆರೆಯುವ ಮೊದಲೇ ಅಮ್ಮ, “ಒಂದು ದಿನ ತಪ್ಪಿಲ್ಲ, ಒಂದು ಹೆಚ್ಚಾಗಿಲ್ಲ. ನಾನೇ ಎಣಿಸಿ ಕೊಡ್ತೀನಿ,” ಎಂದಳು. ಹೆಮ್ಮೆಯಿಂದಲೇ ಹೇಳಿದಳು. ಜೀರಿಗೆ ತಲೆಯಾಡಿಸಿದಳು.

“ಹಾಗಾದ್ರೆ ಮಧ್ಯಾಹ್ನದ್ದು ನಿಲ್ಲಿಸಿ ನೋಡೋಣ. ಮೊದಲು ಹೊರಗೆ ಸಿಸ್ಟರ್ ಹತ್ರ ಬಿಪಿ ನೋಡಿಸ್ಕೊಂಡು ಬನ್ನಿ. ಆಮೇಲೆ ಬರ್ದುಕೊಡ್ತೀನಿ.”

ಮಧ್ಯಾಹ್ನದ ಮಾತ್ರೆಯೇ ಇಲ್ಲ! ಜೀರಿಗೆಗೆ ನಿಂತ ನೆಲ ಹಗುರವಾಯಿತು. ಬೀರು ಇಲ್ಲ, ಕೀ ಇಲ್ಲ, ಜ್ವರ ಎಂದು ಬರೆಯುವುದಿಲ್ಲ. ಉಪಾಯ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಫಲಿಸಿತ್ತು.

ಹೊರಗೆ ಬೆಂಚಿನಲ್ಲಿ ತುಂಬ ಜನ. ಅಮ್ಮ ಮತ್ತು ಜೀರಿಗೆ ಒಬ್ಬ ಚಿಕ್ಕ ವಯಸ್ಸಿನ ತಾಯಿಯ ಪಕ್ಕದಲ್ಲಿ ಕೂತರು. ಅವಳ ತೊಡೆಯ ಮೇಲೆ ಬಟ್ಟೆ ಸುತ್ತಿದ ಪುಟ್ಟ ಕೂಸು. ಒಂದು ಹಿಮ್ಮಡಿಗೆ ಚೂರು ಪ್ಲಾಸ್ಟರ್ ಅಂಟಿಸಿದ್ದರು. ಇಡೀ ಪಾದ ಜೀರಿಗೆಯ ಹೆಬ್ಬೆರಳಿನಷ್ಟಿತ್ತು.

“ಎಷ್ಟು ದಿನ ತಂಗಿ?” ಎಂದಳು ಅಮ್ಮ.

“ಆರು, ಅಕ್ಕಾ. ಮೊದಲು ಹಿಮ್ಮಡಿ ಚುಚ್ಚಿ ಕಾರ್ಡಿನ ಮೇಲೆ ರಕ್ತ ತಗೊಂಡಿದ್ರು. ನಿನ್ನೆ ಫೋನ್ ಮಾಡಿ, ಅದೇನೋ ಜಾಸ್ತಿ ಬಂದಿದೆ, ಬನ್ನಿ ಅಂದ್ರು. ಈಗ ಮತ್ತೆ ಚುಚ್ಚಿದ್ರು.” ಅವಳು ಕೂಸಿನ ಬಟ್ಟೆಯನ್ನು ಮತ್ತೆ ಮತ್ತೆ ಸರಿಮಾಡಿದಳು. “ಅವರು ಹೇಳಿದ್ದು ನಂಗೊಂದೂ ಅರ್ಥ ಆಗ್ಲಿಲ್ಲ ಅಕ್ಕಾ. ಮಗು ನೋಡಿದ್ರೆ ಚೆನ್ನಾಗೇ ಇದೆ.”

“ಜಾಸ್ತಿ ಬಂತು ಅಂದ ತಕ್ಷಣ ಕಾಯಿಲೆ ಇದ್ದೇ ಇದೆ ಅಂತಲ್ಲ. ಬೇಗ ಹುಟ್ಟಿದ ಮಕ್ಕಳಿಗೆ ಸುಮ್ನೆ ಜಾಸ್ತಿ ಬರೋದೂ ಉಂಟು. ಅದಕ್ಕೇ ಮತ್ತೆ ನೋಡೋದು,” ಎಂದು ಅಮ್ಮ ಅವಳ ಕಡೆ ತಿರುಗಿ ಕೂತಳು. “ಕೇಳು. ನಾನು ಅಂಗಿ ಹೊಲಿಯೋ ಫ್ಯಾಕ್ಟರಿಲಿ ಇರೋಳು. ನಮ್ಮ ಲೈನಲ್ಲಿ ಒಬ್ಬಳು ತೋಳು ಕೂರಿಸ್ತಾಳೆ, ಮುಂದಿನೋಳು ಕಾಲರ್ ಕೂರಿಸ್ತಾಳೆ. ಕಾಲರ್‌ನವಳು ಬರದೇ ಇದ್ರೆ ಏನಾಗುತ್ತೆ?”

“ಕೆಲಸ ನಿಲ್ಲುತ್ತೆ.”

“ನಿಲ್ಲಲ್ಲ. ಹಿಂದಿನೋರು ಹೊಲೀತಾನೇ ಇರ್ತಾರೆ. ಕಾಲರ್ ಇಲ್ಲದ ಅಂಗಿಗಳು ರಾಶಿ ಬೀಳ್ತವೆ. ಈ ಕಾಯಿಲೆ ಇರೋ ಮಕ್ಕಳ ಹೊಟ್ಟೇಲೂ ಹಾಗೇ. ಕಿಡ್ನಿ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಗ್ರಂಥಿ ಇರುತ್ತೆ. ಅಲ್ಲಿ ಕಾಲರ್‌ನವಳು ಬರಲ್ಲ. ಅರ್ಧಂಬರ್ಧ ಆದ ಸರಕು ರಾಶಿ ಬೀಳುತ್ತೆ. ರಾಶಿ ಎಷ್ಟಿದೆ ಅಂತ ಅಳೆಯೋದೇ ಈ ಟೆಸ್ಟು. ಕಾಲರ್ ಇರೋ ಪೂರಾ ಅಂಗೀನ ನಾವು ಮಾತ್ರೇಲಿ ಕೊಡ್ತೀವಿ. ಆಗ ರಾಶಿ ಕರಗುತ್ತೆ. ನೋಡು, ಇವಳಿಗೂ ಅದೇ. ಹತ್ತು ವರ್ಷ. ಗೋಡೆ ಹತ್ತಿ ಇಳೀತಾಳೆ, ನನಗೇ ಎದುರು ಮಾತಾಡ್ತಾಳೆ.”

ಚಿಕ್ಕ ತಾಯಿ ಜೀರಿಗೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮೊದಲ ಸಲ ಅವಳ ಮುಖ ಸ್ವಲ್ಪ ಸಡಿಲವಾಯಿತು.

“ಇವಳಿಗೂ ಹಿಮ್ಮಡಿ ಚುಚ್ಚಿ ಕಂಡುಹಿಡಿದ್ರಾ ಅಕ್ಕಾ?”

“ಎಲ್ಲಿ ಬಂತು! ಆಗ ಇಲ್ಲಿ ಹುಟ್ಟಿದ ಮಕ್ಕಳಿಗೆ ಈ ಟೆಸ್ಟೇ ಇರ್ಲಿಲ್ಲ. ಹಾಲು ಕುಡೀತಿರಲಿಲ್ಲ, ಕುಡಿದದ್ದು ಒಳಗೆ ನಿಲ್ತಿರಲಿಲ್ಲ. ಮೂರು ಕಡೆ ಎತ್ಕೊಂಡು ಓಡಿದೆ. ‘ನಿಮಗೆ ಮೊದಲ ಮಗು, ಹಾಲು ಕೊಡೋಕೆ ಬರಲ್ಲ’ ಅಂದ್ರು. ಹದಿಮೂರನೇ ದಿನ ಕಣ್ಣೇ ಬಿಡ್ಲಿಲ್ಲ. ಮೈ ತಣ್ಣಗಿತ್ತು. ಕೊನೆಗೊಬ್ಬ ಡಾಕ್ಟ್ರಿಗೆ ಹೊಳೀತು, ಉಳೀತು.” ಅಮ್ಮ ಕೂಸಿನ ಪಾದವನ್ನು ಬೆರಳಿನಿಂದ ಸವರಿದಳು. “ಪಕ್ಕದ ಹಾಸಿಗೆ ಮಗುಗೂ ಅದೇ ಇತ್ತು. ಡಾಕ್ಟ್ರಿಗೆ ಅದು ಹೊಳೆಯೋಷ್ಟರಲ್ಲಿ ತಡ ಆಗಿತ್ತು.”

ಇದನ್ನು ಜೀರಿಗೆ ಎಂದೂ ಕೇಳಿರಲಿಲ್ಲ.

“ಆಮೇಲೆ ಆ ಮಗುವಿನ ತಾಯಿ, ನಾನು, ಇನ್ನೊಂದಷ್ಟು ಜನ ಸೇರಿ ಇದೇ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತ್ವಿ. ಹುಟ್ಟೋ ಪ್ರತಿಯೊಂದು ಮಗುಗೂ ಚುಚ್ಚಿ ನೋಡಿ ಅಂತ. ಹೋಗಿ ಅಂದ್ರು, ಹೋಗಲಿಲ್ಲ. ಬನ್ನಿ ಮಾತಾಡೋಣ ಅಂದ್ರು, ಹೋದ್ವಿ. ಮತ್ತೆ ಬಂದು ಕೂತ್ವಿ. ಎರಡು ವರ್ಷ ಹಿಡೀತು.”

“ಆ ಕಾರ್ಡು ತಪ್ಪು ಹೇಳಿದ್ರೆ?” ಎಂದಳು ಚಿಕ್ಕ ತಾಯಿ.

“ಕಾರ್ಡು ತಾನಾಗಿ ಏನ್ ಹೇಳುತ್ತೆ ತಂಗಿ? ಮಗೂನ ಮೈ ಹೇಳಿದ್ದನ್ನ ಡಾಕ್ಟ್ರಿಗೆ ತಲುಪಿಸುತ್ತೆ, ಅಷ್ಟೆ. ನಿನ್ನ ಕೂಸಿಗೆ ಇನ್ನೂ ಮಾತು ಬರಲ್ಲವಲ್ಲ.”

ಕೂಸು ಬಾಯಿ ಅಗಲಿಸಿ ಆಕಳಿಸಿತು. ಪ್ಲಾಸ್ಟರ್ ಹಚ್ಚಿದ ಪಾದ ಗಾಳಿಯಲ್ಲಿ ಒಂದು ಸಲ ಒದೆಯಿತು.

ಜೀರಿಗೆ ಆ ಪಾದವನ್ನೇ ನೋಡುತ್ತಿದ್ದಳು. ಕೂಸಿಗೆ ಮಾತು ಬರುವುದಿಲ್ಲ. ತನಗೆ ಬರುತ್ತದೆ.

ಸಿಸ್ಟರ್ ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. “ಸ್ವಲ್ಪ ಕಡಿಮೆ ಇದೆ,” ಎಂದು ಚೀಟಿಯಲ್ಲಿ ಬರೆದರು. ಆ ಚೀಟಿ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. “ಕಾರ್ಡು ಒಂದು ಹೇಳುತ್ತೆ, ಇವಳ ಮೈ ಇನ್ನೊಂದು ಹೇಳುತ್ತೆ,” ಎಂದು ಗೊಣಗಿದರು. ಆದರೂ ಪೆನ್ನು ತೆಗೆದುಕೊಂಡರು. ಔಷಧಿ ಚೀಟಿಯಲ್ಲಿ ಮಧ್ಯಾಹ್ನ ಎಂದು ಬರೆದದ್ದರ ಮೇಲೆ ಗೀಟು ಎಳೆಯಲು ಪೆನ್ನಿನ ತುದಿ ಕಾಗದ ಮುಟ್ಟಿತು.

“ನಿಲ್ಲಿಸ್ಬೇಡಿ.”

ಇಬ್ಬರೂ ಅವಳ ಕಡೆ ತಿರುಗಿದರು.  ಜೀರಿಗೆ ಬ್ಯಾಗಿನ ಜಿಪ್ಪು ಎಳೆದಳು. ಜಾಮಿಟ್ರಿ ಬಾಕ್ಸ್ ತೆಗೆದು, ಕೋನಮಾಪಕ ಎತ್ತಿ, ಡಾಕ್ಟರಮ್ಮನ ಮೇಜಿನ ಮೇಲೆ ಬಗ್ಗಿಸಿದಳು. ಬಿಳಿ ಮಾತ್ರೆಗಳು ಉರುಳಿದವು. ಒಂದು ಉರುಳುರುಳಿ ಫೋನಿನ ಹತ್ತಿರ ನಿಂತಿತು. ಕೆಲವಕ್ಕೆ ಪೆನ್ಸಿಲಿನ ಕಪ್ಪು ಅಂಟಿತ್ತು.

ಡಾಕ್ಟರಮ್ಮ ಪೆನ್ನಿನ ತುದಿಯಿಂದ ಒಂದೊಂದಾಗಿ ಸರಿಸಿದರು. “ಹದಿನೆಂಟು.”

“ಇನ್ನೂ ನಾಲ್ಕಿತ್ತು. ಅದು ಕಾರ್ಡಿನ ದಿನ ತಿಂದೆ. ಕಳ್ಳತನದಲ್ಲಿ.”

ಅಮ್ಮನ ಕೈ ಬಾಯಿಗೆ ಹೋಯಿತು.

ಬಯ್ಗುಳ ಬರುತ್ತದೆಂದು ಜೀರಿಗೆ ಕಣ್ಣು ಮುಚ್ಚಿದಳು. ಬರಲಿಲ್ಲ. ಕಾಗದ ಹರಿಯುವ ಸದ್ದು ಬಂತು. ಡಾಕ್ಟರಮ್ಮ ಆ ಔಷಧಿ ಚೀಟಿಯನ್ನು ನಾಲ್ಕು ಚೂರು ಮಾಡುತ್ತಿದ್ದರು.

“ಇದನ್ನ ನಾನು ಕೊಟ್ಟಿದ್ರೆ, ನಾಳೆ ನಿಂಗೆ ಜೋರು ಜ್ವರನೋ ವಾಂತಿನೋ ಬಂದಿದ್ರೆ, ಜೀವಕ್ಕೇ ಅಪಾಯ ಆಗ್ತಿತ್ತು.”  ಒಂದು ಉಸಿರು ಬಿಟ್ಟು ಕೇಳಿದರು. “ಯಾಕೆ ತಗೋತಿರಲಿಲ್ಲ? ಕಹಿ ಅಂತ ಮಾತ್ರ ಹೇಳಬೇಡ. ಹತ್ತು ವರ್ಷದಿಂದ ತಿಂತಿದೀಯ.”

ಆಗ ಎಲ್ಲ ಹೊರಗೆ ಬಂತು. ಒಂಬತ್ತನೇ ನಿಯಮ, ಬೀರುವಿನ ಕೀ, ಕ್ಲರ್ಕ್ ಆಂಟಿಯ ಡಬ್ಬಿ, ಮೆಡಿಕಲ್ ಸ್ಟೋರ್. “ದಿನಾ ಜ್ವರ ಅಂತ ಬರೀಬೇಕಿತ್ತು,” ಎನ್ನುವಾಗ ಮಾತ್ರ ಅವಳಿಗೆ ಅಳು ಬಂತು. ಯಾಕೆ ಅಲ್ಲಿಗೇ ಬಂತೋ ಗೊತ್ತಾಗಲಿಲ್ಲ.

ಡಾಕ್ಟರಮ್ಮ ಆಸ್ಪತ್ರೆಯ ಹೆಸರಿದ್ದ ದೊಡ್ಡ ಹಾಳೆ ತೆಗೆದು ಬರೆಯತೊಡಗಿದರು. ತುಂಬ ಹೊತ್ತು ಬರೆದರು. ಪೆನ್ನನ್ನು ಒತ್ತಿ ಒತ್ತಿ ಬರೆದರು. “ಇದು ಶಾಲೆಗೆ. ಒಂದು ತಿಂಗಳು ಸರಿಯಾಗಿ ತಗೊಂಡ ಮೇಲೆ ಮತ್ತೆ ಕಾರ್ಡು ಮಾಡೋಣ. ಎಷ್ಟಾದ್ರೂ ಬರ್ಲಿ, ನಾನು ನಿಂಗೆ ಮಾರ್ಕ್ಸ್ ಕೊಡಲ್ಲ. ನಂಗೆ ಗೊತ್ತಾಗಬೇಕು, ಅಷ್ಟೆ.”

*

ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಒಂದು ಬಸ್ಸು ಬಂತು, ಹೋಯಿತು. ಅಮ್ಮ ಹತ್ತಲಿಲ್ಲ.

“ಬೈಯಮ್ಮ,” ಎಂದಳು ಜೀರಿಗೆ.

“ನಾಲಿಗೆ ತುದೀಲೇ ಇದೆ. ಹೊರಗೆ ಬರ್ತಿಲ್ಲ.”

“ಯಾಕೆ?”

ಅಮ್ಮ ರಸ್ತೆಯನ್ನೇ ನೋಡುತ್ತ ಹೇಳಿದಳು. “ನಮ್ಮ ಫ್ಯಾಕ್ಟರಿಲಿ ಮುಂಚೆ ಟಾಯ್ಲೆಟ್ಟಿಗೆ ಹೋಗೋಕೆ ಟೋ‌ಕನ್ ಇತ್ತು. ಇಡೀ ಲೈನಿಗೆ ಒಂದೇ ಒಂದು. ಅದು ಸೂಪರ್‌ವೈಸರ್ ಮೇಜಿನ ಮೇಲೆ. ಕೇಳೋಕೆ ಹೋದ್ರೆ, ‘ಈಗ ತಾನೇ ಹೋಗಿದ್ಯಲ್ಲ, ಮತ್ತೇನು?’ ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗೋನು. ನಾವೇನ್ ಮಾಡಿದ್ವಿ ಹೇಳು?”

“ಜಗಳ ಆಡಿದ್ರಿ.”

“ಅದೆಲ್ಲ ಆಮೇಲೆ. ಮೊದಲು ನೀರು ಕುಡಿಯೋದನ್ನ ಬಿಟ್ವಿ.”

ಜೀರಿಗೆ ಅಮ್ಮನ ಮುಖ ನೋಡಿದಳು. ಮೆಟ್ಟಿಲ ಮೇಲೆ ಕೂತು ಆಸ್ಪತ್ರೆಯನ್ನೇ ಅಲ್ಲಾಡಿಸಿದ ಅಮ್ಮ! “ನೀನೂನಾ?”

“ನಾನೂ. ಬಾಟಲಿ ತುಂಬಿ ತಗೊಂಡು ಹೋಗೋದು, ತುಂಬಿದ್ದನ್ನ ಹಾಗೇ ತರೋದು. ಇಬ್ಬರು ಆಸ್ಪತ್ರೆ ಸೇರಿದ್ರು. ಆಗಲೂ ಎಲ್ಲರೂ ನಮ್ಮನ್ನೇ ಬೈದ್ರು, ನೀರು ಕುಡಿಯೋಕೇನು ರೋಗ ನಿಮಗೆ ಅಂತ. ಟೋಕನ್ ಯಾಕಿದೆ ಅಂತ ಒಬ್ಬರೂ ಕೇಳ್ಲಿಲ್ಲ.” ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆದ್ರೆ ನೀನು ನಂಗೆ ಹೇಳ್ಬೇಕಿತ್ತು ಕಣೇ. ನಂಗಾದ್ರೂ ಹೇಳ್ಬೇಕಿತ್ತು.”

“ನೀನು ಜಗಳ ಆಡ್ತೀಯ ಅಂತ ಹೇಳ್ಲಿಲ್ಲ.”

“ಆಡ್ತಿದ್ದೆ,” ಎಂದಳು ಅಮ್ಮ. ಆಮೇಲೆ ಸಿಟ್ಟಿನಲ್ಲೇ ನಕ್ಕುಬಿಟ್ಟಳು. “ಈಗ ಆಡಲ್ಲ ಅಂದ್ಕೊಂಡ್ಯಾ? ನಡಿ, ಬಸ್ ಬಂತು.”

*

ಹೆಡ್ ಮಿಸ್ ಡಾಕ್ಟರಮ್ಮನ ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

“ನೋಡಿಮ್ಮ, ನಾನು ಮಕ್ಕಳ ಒಳ್ಳೇದಕ್ಕೇ ಈ ನಿಯಮ ಮಾಡಿದ್ದು. ಹಿಂದಿನ ಶಾಲೇಲಿ ಒಂದು ಮಗು ಇನ್ನೊಂದು ಮಗುವಿನ ಮಾತ್ರೆ ನುಂಗಿ ದೊಡ್ಡ ರಂಪ ಆಗಿತ್ತು. ಒಬ್ಬಳಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ.”

“ಬೇಕಾದೋರು ಕೇಳಲಿ ಮೇಡಂ. ಕೇಳೋಕಲ್ವಾ ಬಾಯಿರೋದು?” ಎಂದಳು ಅಮ್ಮ. ಕುರ್ಚಿ ತೋರಿಸಿದ್ದರೂ ಕೂತಿರಲಿಲ್ಲ.

“ನಾವೇನು ಮಾತ್ರೆ ಕೊಡಲ್ಲ ಅಂದಿಲ್ಲವಲ್ಲ? ರಿಜಿಸ್ಟರ್ ಇದೆ. ವ್ಯವಸ್ಥೆ ಇದೆ.” ಹೆಡ್ ಮಿಸ್ ಕ್ಲರ್ಕ್ ಆಂಟಿಯನ್ನು ಕೂಗಿ ರಿಜಿಸ್ಟರ್ ತರಿಸಿದರು. ಹಾಳೆ ತಿರುವಿದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. “ಜ್ವರ. ಜ್ವರ. ಜ್ವರ. ಇದೇನು? ಮಗುಗೆ ದಿನಾ ಜ್ವರ ಇದ್ರೂ ಯಾರೂ ಮನೆಗೆ ಕಳಿಸಲಿಲ್ವಾ?”

ಕ್ಲರ್ಕ್ ಆಂಟಿಯ ಮುಖ ಕೆಂಪಾಯಿತು. “ಅದು... ಹೆಸರು ತುಂಬ ಉದ್ದ ಇತ್ತು ಮೇಡಂ. ಖಾನೆ ಚಿಕ್ಕದು.”

ಹೆಡ್ ಮಿಸ್ ಬೆರಳು ಇನ್ನೂ ಕೆಳಗಿಳಿಯಿತು. ಅಲ್ಲಿಂದ ಮುಂದೆ ಬರೀ ಗೆರೆಗಳು. “ಆಮೇಲೆ ಖಾಲಿ ಯಾಕಿದೆ?”

 ಅಮ್ಮ ಬಾಯಿ ತೆರೆದಳು. ಜೀರಿಗೆ ಅಮ್ಮನ ಕೈ ಹಿಡಿದು ಸ್ವಲ್ಪ ಎಳೆದಳು.

“ನಾನು ಬರೋದು ಬಿಟ್ಟೆ ಮಿಸ್. ನಾಲ್ಕು ವಾರ ಆಯ್ತು. ಯಾಕೆ ಬರ್ತಿಲ್ಲ ಅಂತ ಯಾರೂ ಕೇಳ್ಲಿಲ್ಲ.”

ಹೆಡ್ ಮಿಸ್ ಅವಳನ್ನು ನೋಡಿದರು. ಅಷ್ಟು ಹೊತ್ತೂ ಅವರು ಅಮ್ಮನ ಹತ್ತಿರವೇ ಮಾತಾಡುತ್ತಿದ್ದರು.

“ಇಲ್ಲಿ ಕೊಟ್ಟು ಹೋಗಿ, ನಾವೇ ಕ್ಲಾಸಿಗೆ ಕಳಿಸಿದ್ರೆ ಆಗಲ್ವಾ?”

“ಕ್ಲರ್ಕ್ ಆಂಟಿಗೂ ಊಟದ ಹೊತ್ತು ಅದೇ ಮಿಸ್. ರಜೆ ಹಾಕಿದ್ರೆ ಕೀ ಅವರ ಜೊತೇನೇ ಹೋಗುತ್ತೆ. ನನ್ನ ಮಾತ್ರೆ ನಾನು ಯಾರಿಗೂ ಕೊಡಲ್ಲ. ಒಂದೇ ಒಂದು ತರ್ತೀನಿ. ನನ್ನ ಹತ್ರಾನೇ ಇರ್ಲಿ.”

ಕ್ಲರ್ಕ್ ಆಂಟಿ ನೆಲ ನೋಡುತ್ತ, “ಅದು ನಿಜ ಮೇಡಂ,” ಎಂದರು ಮೆಲ್ಲಗೆ.

ಹೆಡ್ ಮಿಸ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಪತ್ರವನ್ನು ಮಡಿಸಿ ಫೈಲಿನೊಳಗಿಟ್ಟರು. “ಸರಿ. ನಾನೊಬ್ಬಳೇ ತೀರ್ಮಾನ ಮಾಡೋಕಾಗಲ್ಲ. ಸೋಮವಾರ ಸಮಿತಿ ಸಭೆ ಇದೆ. ಮಾತಾಡಿ ತಿಳಿಸ್ತೀನಿ.”

“ಸೋಮವಾರನಾ?” ಅಮ್ಮನ ದನಿ ಏರಿತು. “ಮೇಡಂ, ಅಲ್ಲೀತನಕ...”

ಹೊರಗೆ ಊಟದ ಬೆಲ್ ಹೊಡೆಯಿತು. ಹೆಡ್ ಮಿಸ್ ತಲೆಯ ಮೇಲಿನ ಗಡಿಯಾರದಲ್ಲಿ ಒಂದು ಗಂಟೆ. ಕಾರಿಡಾರಿನ ತುಂಬ ಕಾಲುಗಳ ಸದ್ದು, ಡಬ್ಬಿಗಳ ಸದ್ದು.

ಜೀರಿಗೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು. ಅಮ್ಮ ಬೆಳಿಗ್ಗೆ ಕೊಟ್ಟಿದ್ದ ಪುಟ್ಟ ಪೊಟ್ಟಣ ಬಿಚ್ಚಿದಳು. ಯಾರಿಗೂ ಬೆನ್ನು ತಿರುಗಿಸಲಿಲ್ಲ. ಗೋಡೆಯ ಕಡೆ ನೋಡಲೂ ಇಲ್ಲ. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನೀರು ಕುಡಿದು, ಗುಟುಕ್ ಎನಿಸಿದಳು.

“ಸೋಮವಾರದ ತನಕ ಇದು ಕಾಯಲ್ಲ ಮಿಸ್,” ಎಂದಳು. ಜಗಳದ ದನಿಯಲ್ಲ. ಬಾಗಿಲು ತೆರೆದಿದೆ ಎಂದೋ ಮಳೆ ಬರುತ್ತಿದೆ ಎಂದೋ ಹೇಳುವ ದನಿ.

ಹೆಡ್ ಮಿಸ್ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಫೈಲು ನೋಡಿದರು. ಕ್ಲರ್ಕ್ ಆಂಟಿ ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಅದರಲ್ಲಿ ಇವತ್ತು ಏನು ಬರೆಯಬೇಕೆಂದು ಅವರಿಗೂ ತೋಚಲಿಲ್ಲ.

“ಊಟಕ್ಕೆ ಹೋಗು,” ಎಂದರು ಕೊನೆಗೆ ಹೆಡ್ ಮಿಸ್.

ಜೀರಿಗೆ ಬ್ಯಾಗು ಹೆಗಲಿಗೇರಿಸಿದಳು. ಬಾಗಿಲ ಹತ್ತಿರ ಅಮ್ಮ ಅವಳ ತಲೆ ಮುಟ್ಟಿದಳು. ಮೈದಾನದಲ್ಲಿ ಗೋಲಿ ಆಗಲೇ ಕೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದ. ಹಿಡಿಯಲಿ. ಊಟದ ಬಿಡುವು ಇನ್ನೂ ಇಡಿಯಾಗಿತ್ತು.

ಸೋಮವಾರ ಇವರೆಲ್ಲ ಸೇರಿ ಏನು ಹೇಳುತ್ತಾರೋ ಗೊತ್ತಿಲ್ಲ. ನಾಳೆ ಒಂದು ಗಂಟೆಯಂತೂ ಆಗುತ್ತದೆ.